ಡಿಕೋಡರ್ ಹಾಕಿದ ಮೇಲೆ ಇಂಜಿನ್ ಓಡದಿದ್ದರೆ: ಮೊದಲು ಸಿವಿ 8 ಓದಿ, ಆಮೇಲೆ ಸ್ಕ್ರೂ ಬಿಚ್ಚಿ

ಮಾಡೆಲ್ ರೈಲಿನ ಹಳೆಯ ಡಿಸಿ ಇಂಜಿನ್ ಹಳಿಯ ವೋಲ್ಟೇಜ್ ಏರಿಳಿಸಿದಂತೆ ಓಡುತ್ತಿತ್ತು. ಡಿಸಿಸಿಯಲ್ಲಿ ಹಳಿಯ ಮೂಲಕ ಡಿಜಿಟಲ್ ಸಂದೇಶ ಬರುತ್ತದೆ, ಅದನ್ನು ಓದಿ ಮೋಟಾರ್ ಓಡಿಸುವ ಪುಟ್ಟ ಬೋರ್ಡೇ ಡಿಕೋಡರ್. ಹಳೆಯ ಇಂಜಿನ್‌ಗೆ ಅದನ್ನು ಕೂರಿಸಿದವರಿಗೆ ತಡೆಯಲಾಗದ ಆತುರ ಇರುತ್ತದೆ. ಬೆಸುಗೆ ಆರುವ ಮೊದಲೇ ಇಂಜಿನ್ ಮೇನ್ ಲೈನ್ (ರೈಲು ಓಡುವ ಮುಖ್ಯ ಹಳಿ) ಮೇಲೆ ಕೂತಿರುತ್ತದೆ, ಕೈ ಥ್ರಾಟಲ್ ಮೇಲಿರುತ್ತದೆ. ಓಡಿದರೆ ಸರಿ. ಓಡದಿದ್ದರೆ "ಡಿಕೋಡರ್ ಹೋಯ್ತು" ಎಂದು ತೀರ್ಪು ಬಂದುಬಿಡುತ್ತದೆ. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಯಿಂದ ನನ್ನ ಟೇಬಲ್ಲಿಗೆ ಬರುವ ಇಂಜಿನ್‌ಗಳಲ್ಲಿ ಡಿಕೋಡರ್ ನಿಜವಾಗಿ ಸುಟ್ಟಿರುವುದು ಕಡಿಮೆ. ಗಾಲಿಯ ಕೊಳೆ, ಬಿಟ್ಟುಹೋದ ವೈರ್, ತಪ್ಪು ಅಡ್ರೆಸ್ (ಇಂಜಿನ್ ಓಗೊಡುವ ನಂಬರ್), ಬಾಡಿ ಅಡಿಯಲ್ಲಿ ಸಿಕ್ಕಿಕೊಂಡ ವೈರ್, ಇವೇ ಜಾಸ್ತಿ. ಸುಟ್ಟಿದ್ದರೂ ಅದನ್ನು ಸುಟ್ಟಿದ್ದು ಬೇರೆ ಯಾವುದೋ ದೋಷ. ಅದನ್ನು ಹುಡುಕದೆ ಹೊಸ ಡಿಕೋಡರ್ ಹಾಕಿದರೆ ಅದೂ ಹೋಗುತ್ತದೆ. ಹೊರದೇಶದಿಂದ ತರಿಸಿ, ಕಸ್ಟಮ್ಸ್ ಕಟ್ಟಿ, ವಾರಗಟ್ಟಲೆ ಕಾದು ಕೈಗೆ ಬರುವ ವಸ್ತು ಅದು.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ. ಪ್ರೋಗ್ರಾಮಿಂಗ್ ಟ್ರ್ಯಾಕ್, ಅಂದರೆ ಡಿಕೋಡರ್‌ನ ಸೆಟ್ಟಿಂಗ್ ಓದಲು, ಬರೆಯಲು ಇಟ್ಟ ಬೇರೆ ಹಳಿ ತುಂಡು, ಇರುವುದು ಅಡ್ರೆಸ್ ಬದಲಾಯಿಸಲು ಮಾತ್ರ ಅಲ್ಲ. ದೋಷ ಹುಡುಕಲು ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ಹತ್ತಿರ ಇಲ್ಲ. ಮೇನ್ ಲೈನ್‌ನಲ್ಲಿ ಶಾರ್ಟ್ ಆದರೆ ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಎರಡು ಮೂರು ಆಂಪಿಯರ್ ನುಗ್ಗಿಸುತ್ತದೆ. ಒಂದು ಆಂಪಿಯರ್‌ನ ಡಿಕೋಡರ್ ಅದನ್ನು ತಡೆಯುವುದಿಲ್ಲ. ಪ್ರೋಗ್ರಾಮಿಂಗ್ ಟ್ರ್ಯಾಕ್ ಸುಮಾರು 250 ಮಿಲಿಆಂಪಿಯರ್‌ಗೇ ನಿಂತುಬಿಡುತ್ತದೆ. ವೈರಿಂಗ್ ತಪ್ಪಿದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಜಾಸ್ತಿ. ಹಳಿಗೆ ಸಂದೇಶ ಕಳಿಸುವ ದುಬಾರಿ ಕಮಾಂಡ್ ಸ್ಟೇಷನ್ ಇರಲಿ, ಆರ್ಡುಯಿನೋ ಮೆಗಾ ಮೇಲೆ ಮೋಟಾರ್ ಶೀಲ್ಡ್ ಕೂರಿಸಿ ಮಾಡಿಕೊಂಡ ಡಿಸಿಸಿ-ಇಎಕ್ಸ್ ಸ್ಟೇಷನ್ ಇರಲಿ, ಪ್ರೋಗ್ರಾಮಿಂಗ್ ಟ್ರ್ಯಾಕ್‌ಗೆ ಬೇರೆ ಔಟ್‌ಪುಟ್ ಇರುತ್ತದೆ. ಒಂದಡಿ ಹಳಿ ತುಂಡಿಗೆ ಅದನ್ನು ಜೋಡಿಸಿ ಖಾಯಂ ಆಗಿ ಟೇಬಲ್ ಮೇಲೆ ಇಟ್ಟುಕೊಳ್ಳಿ.

ಸಿವಿ 8 ಏನು ಹೇಳುತ್ತದೆ

ಡಿಕೋಡರ್ ಒಳಗಿನ ಪ್ರತಿ ಸೆಟ್ಟಿಂಗ್‌ಗೂ ಒಂದು ನಂಬರ್ ಇದೆ. ಅದೇ ಸಿವಿ. ಸಿವಿ 8ರಲ್ಲಿ ತಯಾರಕರ ಗುರುತಿನ ಸಂಖ್ಯೆ ಇರುತ್ತದೆ. ಲೆನ್ಸ್ ಆದರೆ 99, ಇಎಸ್‌ಯು 151, ಜಿಮೋ 145, ಎನ್‌ಸಿಇ 11. ಈ ಸಂಖ್ಯೆ ಏನು ಅನ್ನುವುದು ನಮಗೆ ಅಷ್ಟು ಮುಖ್ಯ ಅಲ್ಲ. ಸ್ಕ್ರೀನ್ ಮೇಲೆ ಅದು ಬಂತಾ ಇಲ್ಲವಾ ಅನ್ನುವುದು ಮುಖ್ಯ.

ಯಾಕೆ ಅಂದರೆ, ಡಿಕೋಡರ್‌ಗೆ ವಾಪಸ್ ಮಾತಾಡಲು ಬೇರೆ ತಂತಿ ಇಲ್ಲ. ಸ್ಟೇಷನ್ "ಸಿವಿ 8ರ ಈ ಬಿಟ್ ಒಂದಾ?" ಎಂದು ಕೇಳುತ್ತದೆ. ಹೌದಾದರೆ ಡಿಕೋಡರ್ ಸುಮಾರು 6 ಮಿಲಿಸೆಕೆಂಡ್ ಹೊತ್ತು ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚಿಗೆ ಎಳೆಯಬೇಕು. ಅಷ್ಟು ಕರೆಂಟ್ ಎಳೆಯಲು ಅದಕ್ಕೆ ಸಾಮಾನ್ಯವಾಗಿ ಇರುವ ದಾರಿ ಮೋಟಾರ್. ಮೋಟಾರ್‌ಗೆ ಒಂದು ಚಿಕ್ಕ ತಟ್ಟು ಕೊಡುತ್ತದೆ. ಸಿವಿ ಓದುವಾಗ ಇಂಜಿನ್ ಸಣ್ಣಗೆ ಟಿಕ್ ಟಿಕ್ ಎಂದು ಕದಲುವುದು ಇದಕ್ಕೇ.

ಈಗ ಲೆಕ್ಕ ಹಾಕಿ. ಸಿವಿ 8 ಸರಿಯಾಗಿ ಬಂತು ಅಂದರೆ ಕೆಂಪು ವೈರ್ ಒಂದು ಹಳಿಗೆ ಸೇರಿದೆ. ಕಪ್ಪು ಇನ್ನೊಂದು ಹಳಿಗೆ ಸೇರಿದೆ. ಕಿತ್ತಳೆ ಮತ್ತು ಬೂದು ವೈರ್‌ಗಳು ಮೋಟಾರ್ ಬ್ರಷ್‌ಗಳಿಗೆ ಸೇರಿವೆ. ಮೋಟಾರ್ ಸುರುಳಿ ಕಡಿದಿಲ್ಲ. ಡಿಕೋಡರ್ ಜೀವಂತವಾಗಿದೆ. ಒಂದೇ ಓದಿನಲ್ಲಿ ಇಷ್ಟೆಲ್ಲ ತಿಳಿಯಿತು, ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಇಷ್ಟಾದ ಮೇಲೂ ಮೇನ್ ಲೈನ್‌ನಲ್ಲಿ ಓಡದಿದ್ದರೆ ದೋಷ ಬಹುಪಾಲು ಸೆಟ್ಟಿಂಗ್‌ನಲ್ಲಿದೆ. ಸೋಲ್ಡರಿಂಗ್ ಐರನ್ ಬಿಸಿ ಮಾಡಲು ಹೋಗಬೇಡಿ.

ಓದಲು ಬಾರದಿದ್ದರೆ ಎರಡು ಬಗೆ. ಸ್ಟೇಷನ್ "ಉತ್ತರ ಇಲ್ಲ" ಅನ್ನಬಹುದು, ಅಥವಾ "ಶಾರ್ಟ್" ಅನ್ನಬಹುದು. ಇವೆರಡರ ದಾರಿ ಬೇರೆ ಬೇರೆ.

"ಉತ್ತರ ಇಲ್ಲ" ಎಂದರೆ

ಮೊದಲು ಗಾಲಿ ನೋಡಿ. ಕೋಲಾರದ ಕೆಂಪು ಧೂಳು ನಮಗೆಲ್ಲ ಗೊತ್ತೇ ಇದೆ. ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಸಂಜೆಗೆ ಲೇಔಟ್ (ಹಳಿ ಹಾಸಿದ ಟೇಬಲ್) ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಆ ಧೂಳು ಗೇರ್ ಎಣ್ಣೆಯ ಜೊತೆ ಸೇರಿ ಗಾಲಿಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ಡಿಸಿಯಲ್ಲಿ ಓಡುವಾಗ ಕರೆಂಟ್ ಕ್ಷಣ ತಪ್ಪಿದರೂ ಫ್ಲೈವೀಲ್ ಎಳೆದುಕೊಂಡು ಹೋಗುತ್ತಿತ್ತು. ಡಿಸಿಸಿಯಲ್ಲಿ ಹಾಗಲ್ಲ. ಕರೆಂಟ್ ತಪ್ಪಿದಾಗ ಸಂದೇಶವೂ ತಪ್ಪುತ್ತದೆ.

ಗಾಲಿ ಒರೆಸುವ ಸುಲಭ ದಾರಿ ಇದು. ಹಳಿಗೆ ಅಡ್ಡಲಾಗಿ ಹಳೆಯ ಹತ್ತಿ ಬಟ್ಟೆಯ ತುಂಡು ಹಾಕಿ. ಅದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಹನಿಸಿ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಬಳಸುವ ಐಪಿಎ ಅದೇ. ಇಂಜಿನ್ ಅಡಿಯ ಗಾಲಿಗಳ ಚೌಕಟ್ಟಿಗೆ ಬೋಗಿ ಅನ್ನುತ್ತೇವೆ. ಒಂದು ಬೋಗಿಯ ಗಾಲಿಗಳು ಬಟ್ಟೆಯ ಮೇಲೆ, ಇನ್ನೊಂದು ಬೋಗಿ ಹಳಿಯ ಮೇಲೆ ಇರಲಿ. ಇಂಜಿನ್ ಕೈಯಲ್ಲಿ ಹಿಡಿದು ನಿಧಾನ ಓಡಿಸಿ. ಕರೆಂಟ್ ಸಿಗದೆ ಇಂಜಿನ್ ಓಡುವುದೇ ಇಲ್ಲ ಅನ್ನುವಾಗ ಕಿವಿ ಕಡ್ಡಿಯಿಂದ ಕೈಯಲ್ಲೇ ಒರೆಸಿ. ಉಪ್ಪು ಕಾಗದ ಮಾತ್ರ ಬೇಡ. ಅದು ಗೀರು ಮಾಡುತ್ತದೆ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಗಾಲಿ ಶುಚಿ ಇದ್ದೂ ಉತ್ತರ ಇಲ್ಲದಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಬೀಪ್ ಮೋಡ್‌ಗೆ ಹಾಕಿ. ಇಂಜಿನ್ ಹಳಿ ಮೇಲೆ ಇರಬಾರದು. ಬಲಗಡೆಯ ಪ್ರತಿ ಪಿಕಪ್ ಗಾಲಿಯಿಂದ (ಹಳಿಯಿಂದ ಕರೆಂಟ್ ಎತ್ತುವ ಗಾಲಿ) ಕೆಂಪು ವೈರ್‌ನ ಬೆಸುಗೆಯವರೆಗೆ ನೋಡಿ. ಎಡಗಡೆಯಿಂದ ಕಪ್ಪಿನವರೆಗೆ ನೋಡಿ. ಬೋಗಿಯನ್ನು ಬೆರಳಿನಿಂದ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ನೋಡಿ. ನೇರ ಇದ್ದಾಗ ಬೀಪ್ ಬಂದು ತಿರುಗಿಸಿದಾಗ ನಿಂತರೆ, ಬೋಗಿಯಿಂದ ಮೇಲೆ ಬರುವ ವೈರ್ ಒಳಗೆ ಮುರಿದಿದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತದೆ, ಒಳಗಿನ ಎಳೆಗಳು ಹೋಗಿರುತ್ತವೆ. ಪಿಕಪ್ ಪಟ್ಟಿ ಗಾಲಿಯ ಬೆನ್ನಿಗೆ ತಾಗುತ್ತಿಲ್ಲ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಪಟ್ಟಿಯನ್ನು ಟ್ವೀಜರ್‌ನಿಂದ ಕೂದಲೆಳೆಯಷ್ಟು ಹೊರಗೆ ಬಗ್ಗಿಸಿದರೆ ಸಾಕು. ಜಾಸ್ತಿ ಬಗ್ಗಿಸಿದರೆ ಗಾಲಿಗೆ ಬ್ರೇಕ್ ಹಾಕಿದಂತಾಗುತ್ತದೆ.

ಪಿಕಪ್ ಸರಿ ಇದೆ ಅಂತಾದರೆ ಮೋಟಾರ್ ಕಡೆ ಬನ್ನಿ. ಮೋಟಾರ್ ವೈರ್ ಬಿಟ್ಟುಹೋಗಿದ್ದರೆ ಡಿಕೋಡರ್ ಎಷ್ಟೇ ಆರೋಗ್ಯವಾಗಿದ್ದರೂ ಸಾಮಾನ್ಯವಾಗಿ ಉತ್ತರ ಕೊಡಲಾರದು. ಕಿತ್ತಳೆ, ಬೂದು ಎರಡನ್ನೂ ಮೋಟಾರ್‌ನಿಂದ ಬಿಡಿಸಿ. ಬಿಡಿಸಿದ ಮೋಟಾರ್‌ಗೆ 9 ವೋಲ್ಟ್ ಬ್ಯಾಟರಿಯನ್ನು ಕ್ಷಣ ಮುಟ್ಟಿಸಿ. ತಿರುಗಿದರೆ ಮೋಟಾರ್ ಸರಿ. ತಿರುಗದಿದ್ದರೆ ಕಾರ್ಬನ್ ಬ್ರಷ್ ಸವೆದಿದೆ, ಅಥವಾ ಕಮ್ಯುಟೇಟರ್ ಸೀಳುಗಳಲ್ಲಿ ಇಂಗಾಲದ ಪುಡಿ ತುಂಬಿದೆ. ಒಂದು ಎಚ್ಚರ: ಡಿಕೋಡರ್ ಮೋಟಾರ್‌ಗೆ ಸೇರಿದ್ದಾಗ ಬ್ಯಾಟರಿ ಮುಟ್ಟಿಸಬಾರದು. ಔಟ್‌ಪುಟ್ ಕಡೆಯಿಂದ ಕರೆಂಟ್ ನುಗ್ಗಿದರೆ ಅದರ ಡ್ರೈವರ್ ಹೋಗುತ್ತದೆ.

ಡಿಕೋಡರ್ ಬಗ್ಗೆ ಇನ್ನೂ ಅನುಮಾನವೇ? ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದಾಗ ಒಂದು ವ್ಯಾಟ್‌ನ 100 ಓಮ್ ರೆಸಿಸ್ಟರ್ ನಾಲ್ಕೈದು ತಂದಿಟ್ಟುಕೊಳ್ಳಿ. ಮೋಟಾರ್ ಬದಲು ಕಿತ್ತಳೆ ಮತ್ತು ಬೂದು ವೈರ್‌ಗಳ ನಡುವೆ ಅದನ್ನು ಹಾಕಿ ಸಿವಿ 8 ಓದಿ. ಸಂಖ್ಯೆ ಬಂದರೆ ಡಿಕೋಡರ್ ಚೆನ್ನಾಗಿದೆ. ದೋಷ ಮೋಟಾರ್ ಅಥವಾ ಅದರ ವೈರಿಂಗ್‌ನದು. ಹೊಸ ಡಿಕೋಡರ್ ಪ್ಯಾಕ್ ಬಿಚ್ಚಿದ ಕೂಡಲೇ, ಇಂಜಿನ್ ಮುಟ್ಟುವ ಮೊದಲು, ಇದೇ ಪರೀಕ್ಷೆ ಮಾಡಿದರೆ ಇನ್ನೂ ಒಳ್ಳೆಯದು. ಕೆಂಪು, ಕಪ್ಪನ್ನು ಮೊಸಳೆ ಕ್ಲಿಪ್‌ನಿಂದ ಪ್ರೋಗ್ರಾಮಿಂಗ್ ಟ್ರ್ಯಾಕ್‌ಗೆ ಹಿಡಿಸಿದರೆ ಆಯಿತು. ಬರುವಾಗಲೇ ಕೆಟ್ಟಿತ್ತಾ, ನಮ್ಮ ಕೈಯಲ್ಲಿ ಕೆಟ್ಟಿತಾ ಅನ್ನುವ ಪ್ರಶ್ನೆ ಆಮೇಲೆ ಏಳುವುದೇ ಇಲ್ಲ.

ಇನ್ನೊಂದು ಸಂದರ್ಭ ಇದೆ. ಕೋರ್‌ಲೆಸ್ ಮೋಟಾರ್‌ಗಳು (ಸುರುಳಿಯೊಳಗೆ ಕಬ್ಬಿಣ ಇಲ್ಲದವು) ತುಂಬ ಕಡಿಮೆ ಕರೆಂಟ್ ಕುಡಿಯುತ್ತವೆ. ತಟ್ಟು ಕೊಟ್ಟರೂ 60 ಮಿಲಿಆಂಪಿಯರ್ ಮುಟ್ಟದೆ ಹೋಗಬಹುದು. ಇಂಜಿನ್ ಟಿಕ್ ಎನ್ನುತ್ತದೆ, ಸ್ಟೇಷನ್‌ಗೆ ಕೇಳಿಸುವುದಿಲ್ಲ. ಹಾಗೆಯೇ ಕರೆಂಟ್ ಕ್ಷಣ ತಪ್ಪಿದರೂ ಡಿಕೋಡರ್ ನಿಲ್ಲದಂತೆ ಕಾಯುವ ಕೀಪ್-ಅಲೈವ್ ಕೆಪ್ಯಾಸಿಟರ್ ಜೋಡಿಸಿದ್ದರೆ ಅದು ಕರೆಂಟಿನ ಏರಿಳಿತವನ್ನು ಮುಚ್ಚಿಹಾಕುತ್ತದೆ. ಕೆಪ್ಯಾಸಿಟರ್ ಬಿಡಿಸಿ ಓದಿ, ಆಮೇಲೆ ಜೋಡಿಸಿ.

"ಶಾರ್ಟ್" ಎಂದರೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಡಿಕೋಡರ್‌ಗಳು ಸಾಯುವುದು ಇಲ್ಲೇ.

ಡಿಸಿ ಇಂಜಿನ್‌ನಲ್ಲಿ ಹಳಿಯ ಕರೆಂಟ್ ನೇರ ಮೋಟಾರ್‌ಗೆ ಹೋಗುತ್ತಿತ್ತು. ಹಾಗಾಗಿ ಎಷ್ಟೋ ತಯಾರಕರು ಒಂದು ಬ್ರಷ್‌ಗೆ ವೈರೇ ಕೊಡುತ್ತಿರಲಿಲ್ಲ. ಲೋಹದ ಚಾಸಿಯೇ ಒಂದು ವೈರ್. ಮೋಟಾರ್ ಕೆಳಗಿನ ಹಿತ್ತಾಳೆ ಕ್ಲಿಪ್ ಚಾಸಿಗೆ ಒತ್ತಿಕೊಂಡು ಕೂತರೆ ಕೆಲಸ ಮುಗಿಯಿತು. ಹಳೆಯ ಆಥರ್ನ್ ಇಂಜಿನ್‌ಗಳು ಹೀಗೇ ಇದ್ದವು. ಡಿಸಿಸಿಯಲ್ಲಿ ಇದು ನಡೆಯುವುದಿಲ್ಲ. ಹಳಿಗೂ ಮೋಟಾರ್‌ಗೂ ನಡುವೆ ಡಿಕೋಡರ್ ಒಂದೇ ಇರಬೇಕು. ಬ್ರಷ್ ಎಲ್ಲಾದರೂ ಚಾಸಿಗೆ ತಾಗಿದರೆ ಹಳಿಯ ವೋಲ್ಟೇಜ್ ಡಿಕೋಡರ್‌ನ ಔಟ್‌ಪುಟ್‌ಗೆ ಹಿಂದಿನಿಂದ ನುಗ್ಗುತ್ತದೆ. ಮೇನ್ ಲೈನ್‌ನಲ್ಲಿ ಆದರೆ ಕಣ್ಣು ಮಿಟುಕಿಸುವುದರೊಳಗೆ ಹೊಗೆ.

ನಮ್ಮ ಕಡೆಯವರಿಗೆ ಇದು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಇಲ್ಲಿ ರೈಲು ಮಾಡೆಲ್ ಶುರು ಮಾಡುವವರ ಮನಸ್ಸಿಗೆ ಮೊದಲು ಬರುವುದು ಹಳೆಯ ನ್ಯಾರೋ ಗೇಜ್. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಯಲಹಂಕದ ಕಡೆ ಹೋಗುತ್ತಿದ್ದ ಪುಟ್ಟ ರೈಲು ಅದು. ಕೋಲಾರ–ಚಿಕ್ಕಬಳ್ಳಾಪುರದ ನಡುವೆ 2013ರಲ್ಲಿ ಬ್ರಾಡ್‌ಗೇಜ್ ಬಂತು. ಆದರೆ ಮನೆಯ ಹಿರಿಯರ ಮಾತಿನಲ್ಲಿ ಆ ಚಿಕ್ಕ ರೈಲು ಇನ್ನೂ ಇದೆ, ಅಲ್ವಾ? ಅದರ ಹಳಿಯ ಅಗಲ 2 ಅಡಿ 6 ಇಂಚು, ಅಂದರೆ 762 ಮಿ.ಮೀ. 87ರಿಂದ ಭಾಗಿಸಿದರೆ 8.76 ಮಿ.ಮೀ. ಬರುತ್ತದೆ. ಹಾಗಾಗಿ 1:87 ಅಳತೆಯಲ್ಲಿ ಈ ಲೈನ್ ಮಾಡುವವರು 9 ಮಿ.ಮೀ. ಹಳಿ ಹಾಕಿ, ಎನ್ ಗೇಜ್ ಇಂಜಿನ್‌ನ ಚಾಸಿ ಮೇಲೆ ತಮ್ಮ ಬಾಡಿ ಕೂರಿಸುತ್ತಾರೆ. ನಂದಿ ಹಾಲ್ಟ್ ಸ್ಟೇಷನ್ ಕಟ್ಟಡ ಪಕ್ಕದಲ್ಲಿಟ್ಟರೆ ನೋಡಲು ಎರಡು ಕಣ್ಣು ಸಾಲದು.

ಆ ಎನ್ ಗೇಜ್ ಚಾಸಿಯಲ್ಲೇ ತೊಂದರೆ ಇರುವುದು. ಅದು ಉದ್ದಕ್ಕೆ ಸೀಳಿದ ಎರಡು ಲೋಹದ ಹೋಳು. ಬಲ ಹೋಳು ಬಲ ಹಳಿಯ ಕರೆಂಟ್, ಎಡ ಹೋಳು ಎಡ ಹಳಿಯ ಕರೆಂಟ್. ನಡುವೆ ಪ್ಲಾಸ್ಟಿಕ್ ಬಿಲ್ಲೆ, ಎರಡೂ ಕಡೆಯಿಂದ ಸ್ಕ್ರೂ. ಮೋಟಾರ್‌ನ ಎರಡು ಬ್ರಷ್ ಪಟ್ಟಿಗಳು ಒಂದೊಂದು ಹೋಳಿಗೆ ಒತ್ತಿಕೊಂಡಿರುತ್ತವೆ. ಡಿಕೋಡರ್ ಹಾಕುವಾಗ ಈ ಎರಡೂ ಪಟ್ಟಿಗಳನ್ನು ಚಾಸಿಯಿಂದ ಬೇರ್ಪಡಿಸಬೇಕು. ಪಟ್ಟಿ ತಾಗುವ ಜಾಗದಲ್ಲಿ ಕ್ಯಾಪ್ಟನ್ ಟೇಪ್ ಅಂಟಿಸುತ್ತೇವೆ. ಮೊಬೈಲ್ ಅಂಗಡಿಯಲ್ಲಿ ಸಿಗುವ ಜೇನು ಬಣ್ಣದ ಪಾರದರ್ಶಕ ಟೇಪ್.

ಒಂದು ಇಂಜಿನ್‌ನಲ್ಲಿ ಕಂಡದ್ದನ್ನು ಹೇಳುತ್ತೇನೆ. ಚಾಸಿ ಬಿಚ್ಚಿದ್ದಾಗ ಬ್ರಷ್‌ಗೂ ಲೋಹಕ್ಕೂ ನಡುವೆ ಬೀಪ್ ಇಲ್ಲ. ಸ್ಕ್ರೂ ಅರ್ಧ ಬಿಗಿ ಮಾಡಿದಾಗಲೂ ಇಲ್ಲ. ಪೂರ್ತಿ ಬಿಗಿ ಮಾಡಿದ ಕೂಡಲೇ ಬೀಪ್. ಮತ್ತೆ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದರೆ, ಪಟ್ಟಿಯ ಮೂಲೆಯೊಂದು ಚೂಪಾಗಿ ಮೇಲೆದ್ದಿದೆ. ಬಿಗಿ ಮಾಡಿದಾಗ ಆ ಮೂಲೆ ಟೇಪ್ ಅನ್ನು ಚುಚ್ಚಿ, ಸೂಜಿ ಮೊನೆಯಷ್ಟು ರಂಧ್ರದ ಮೂಲಕ ಲೋಹವನ್ನು ಮುಟ್ಟಿದೆ. ಟೇಪ್ ಮೇಲೆ ರಂಧ್ರದ ಸುತ್ತ ಬೆಳ್ಳಗೆ ಒಂದು ಚುಕ್ಕೆ ಮಾತ್ರ ಕಾಣುತ್ತಿತ್ತು. ಪಟ್ಟಿಯ ಮೂಲೆಯನ್ನು ಉಗುರಿಗೆ ಹಾಕುವ ಫೈಲ್‌ನಿಂದ ಉಜ್ಜಿ, ಟೇಪ್ ಎರಡು ಪದರ ಹಾಕಿದ ಮೇಲೆ ಸರಿ ಹೋಯಿತು. ಆದ್ದರಿಂದ ಚಾಸಿ ಪರೀಕ್ಷೆಯನ್ನು ಯಾವಾಗಲೂ ಎಲ್ಲ ಸ್ಕ್ರೂ ಪೂರ್ತಿ ಬಿಗಿ ಇದ್ದಾಗ ಮಾಡಿ. ಡಿಕೋಡರ್ ಇನ್ನೂ ಜೋಡಿಸಿರಬಾರದು. ಮೀಟರ್‌ನ ಒಂದು ಮೊನೆ ಬ್ರಷ್ ಮೇಲೆ, ಇನ್ನೊಂದು ಮೊನೆ ಬಲ ಚಾಸಿ, ಎಡ ಚಾಸಿ, ಪ್ರತಿ ಗಾಲಿ, ಹೀಗೆ ಒಂದೊಂದರ ಮೇಲೆ. ಇನ್ನೊಂದು ಬ್ರಷ್‌ಗೂ ಇದೇ. ಫ್ಲೈವೀಲ್ ಕೈಯಿಂದ ತಿರುಗಿಸುತ್ತಾ ನೋಡಿ. ಎಲ್ಲೂ ಬೀಪ್ ಬರಬಾರದು.

ಬಿಚ್ಚಿಟ್ಟಾಗ ಓಡುತ್ತದೆ, ಬಾಡಿ ಹಾಕಿದರೆ ನಿಲ್ಲುತ್ತದೆ

ಚಿಂತಾಮಣಿಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಬಾಡಿ ತೆಗೆದ್ರೆ ಚೆನ್ನಾಗಿ ಓಡ್ತದೆ, ಹಾಕಿದ್ರೆ ಶಾರ್ಟ್ ತೋರಿಸ್ತದೆ."

"ಬಾಡಿ ಒಳಗಡೆ ಟಾರ್ಚ್ ಬಿಡು ಮರೀ. ಸ್ಕ್ರೂ ಕಂಬದ ಹತ್ರ ಏನಾದ್ರೂ ಕೆಂಪಗೆ ಅಂಟಿದೆಯಾ ನೋಡು."

ಅಂಟಿತ್ತು. ಕೆಂಪು ವೈರ್‌ನ ಪ್ಲಾಸ್ಟಿಕ್ ಸಿಪ್ಪೆ. ಸ್ಕ್ರೂ ಕಂಬಕ್ಕೂ ಚಾಸಿಗೂ ನಡುವೆ ವೈರ್ ಸಿಕ್ಕಿ ಜಜ್ಜಿಹೋಗಿತ್ತು. ಪ್ರತಿ ಸಲ ಬಿಗಿ ಮಾಡಿದಾಗ ತಾಮ್ರ ಚಾಸಿಗೆ ತಾಗುತ್ತಿತ್ತು. ವೈರ್‌ಗಳನ್ನು ಅಗತ್ಯಕ್ಕಿಂತ ಉದ್ದ ಬಿಟ್ಟರೆ ಹೀಗಾಗುತ್ತದೆ. ಇನ್ನೊಂದು ಡಿಕೋಡರ್‌ಗೆ ಬೇಕಾಗಬಹುದು ಎಂದು ಉದ್ದ ಉಳಿಸುವ ಆಸೆ ಅರ್ಥವಾಗುತ್ತದೆ. ಆದರೆ ಚಿಕ್ಕ ಬಾಡಿಯಲ್ಲಿ ಅದಕ್ಕೆ ಜಾಗ ಇಲ್ಲ. ಅಳತೆಗೆ ಕತ್ತರಿಸಿ. ಬಳಸದ ಹಸಿರು, ನೇರಳೆ ವೈರ್‌ಗಳನ್ನು ಕತ್ತರಿಸಿ ಬಿಟ್ಟುಬಿಡಬೇಡಿ. ಪ್ರತಿಯೊಂದರ ತುದಿಗೂ ಪುಟ್ಟ ಸ್ಲೀವ್ ಹಾಕಿ ಬಿಸಿ ಮಾಡಿ ಮುಚ್ಚಿ. ಬರಿಯ ತುದಿ ಚಾಸಿಗೆ ತಾಗಿದರೆ ಆ ಔಟ್‌ಪುಟ್ ಹೋಗುತ್ತದೆ, ಕೆಲವೊಮ್ಮೆ ಇಡೀ ಡಿಕೋಡರ್.

ಬಾಡಿ ಹಾಕಿ ಹತ್ತು ನಿಮಿಷ ಓಡಿ ಆಮೇಲೆ ನಿಂತರೆ ಅದು ಬಿಸಿ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಡಿಕೋಡರ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ನಿಲ್ಲಿಸುತ್ತಿದೆ. ಅದಕ್ಕೆ ಸುತ್ತಲೂ ಇನ್ಸುಲೇಷನ್ ಟೇಪ್ ಸುತ್ತಿದ್ದೀರಾ ನೋಡಿ. ಸುತ್ತಿದ್ದರೆ ತೆಗೆಯಿರಿ. ಚಾಸಿ ಮೇಲೆ ಒಂದು ಪದರ ಕ್ಯಾಪ್ಟನ್ ಟೇಪ್ ಸಾಕು, ಡಿಕೋಡರ್ ಮೇಲ್ಭಾಗಕ್ಕೆ ಗಾಳಿ ಬೇಕು. ಟೇಪ್ ಇಲ್ಲದೆಯೂ ಬಿಸಿಯಾದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ. ಡಿಕೋಡರ್ ಬಿಡಿಸಿ, 12 ವೋಲ್ಟ್ ಡಿಸಿ ಕೊಟ್ಟು, ಫ್ಲೈವೀಲ್ ಅನ್ನು ಬೆರಳಿನಿಂದ ಒಂದು ಕ್ಷಣ ಹಿಡಿದು ನಿಲ್ಲಿಸಿ ಆಂಪಿಯರ್ ನೋಡಿ. ಅದು ಡಿಕೋಡರ್‌ನ ಮಿತಿ ದಾಟಬಾರದು. ದಾಟಿದರೆ ದೊಡ್ಡ ಡಿಕೋಡರ್ ಬೇಕು, ಅಥವಾ ಹೊಸ ಮೋಟಾರ್. ಒಣಗಿದ ಗ್ರೀಸ್ ತೊಳೆದರೆ ಓಡುವಾಗಿನ ಕರೆಂಟ್ ಇಳಿಯುವುದೂ ಉಂಟು.

ಸಿವಿ ಓದುತ್ತದೆ, ಆದರೆ ಓಡುವುದಿಲ್ಲ

ವೈರಿಂಗ್ ಸರಿ ಇದೆ ಎಂದು ಈಗಾಗಲೇ ಗೊತ್ತಾಗಿದೆ. ಉಳಿದದ್ದು ಅಡ್ರೆಸ್. ಹೊಸ ಡಿಕೋಡರ್ ಸಾಮಾನ್ಯವಾಗಿ 3ನೇ ನಂಬರ್‌ಗೆ ಓಗೊಡುತ್ತದೆ. ಇಂಜಿನ್ ಪಕ್ಕದಲ್ಲಿ ಬರೆದ ನಂಬರ್ ಒತ್ತಿದರೆ ಅದು ಕದಲುವುದಿಲ್ಲ. ಚಿಕ್ಕ ಅಡ್ರೆಸ್ ಸಿವಿ 1ರಲ್ಲಿ, ಉದ್ದ ಅಡ್ರೆಸ್ ಸಿವಿ 17 ಮತ್ತು 18ರಲ್ಲಿ. ಯಾವುದನ್ನು ಬಳಸಬೇಕು ಎಂದು ಹೇಳುವುದು ಸಿವಿ 29. ಮಾಮೂಲಿ ಬೆಲೆ 6, ಅಂದರೆ 28 ಸ್ಪೀಡ್ ಸ್ಟೆಪ್‌ಗೆ 2, ಡಿಸಿಯಲ್ಲೂ ಓಡಲಿ ಎಂಬುದಕ್ಕೆ 4. ಉದ್ದ ಅಡ್ರೆಸ್ ಬೇಕಾದರೆ ಇನ್ನೂ 32 ಸೇರಿಸಿ 38. ಇಂಜಿನ್ ಹಿಂದುಮುಂದಾಗಿ ಓಡಿದರೆ 1 ಸೇರಿಸಿ, ಬೆಸುಗೆ ಬಿಚ್ಚುವುದು ಬೇಡ. 100ರಿಂದ 127ರ ನಡುವಿನ ಅಡ್ರೆಸ್ ಇಟ್ಟುಕೊಳ್ಳಬೇಡಿ. ಕೆಲವು ಸ್ಟೇಷನ್ ಅದನ್ನು ಚಿಕ್ಕದು ಅನ್ನುತ್ತವೆ, ಕೆಲವು ಉದ್ದ ಅನ್ನುತ್ತವೆ. ಗೆಳೆಯರ ಲೇಔಟ್‌ಗೆ ಒಯ್ದಾಗ ಇಂಜಿನ್ ಕಿವುಡಾಗುತ್ತದೆ.

ಲೈಟ್ ಮಾತು ಕೇಳುತ್ತದೆ, ಮೋಟಾರ್ ಕೇಳುವುದಿಲ್ಲ ಎಂದಾದರೆ ಸಿವಿ 19 ಓದಿ. ಅಲ್ಲಿ 0 ಇರಬೇಕು. ಬೇರೆ ಸಂಖ್ಯೆ ಇದ್ದರೆ ಇಂಜಿನ್ ಯಾವಾಗಲೋ ಜೋಡಿ ಇಂಜಿನ್ ಆಗಿ ಸೇರಿಕೊಂಡಿತ್ತು, ಇನ್ನೂ ಆ ಜೋಡಿಯ ಅಡ್ರೆಸ್‌ಗೇ ಕಾಯುತ್ತಿದೆ. ಸೆಕೆಂಡ್ ಹ್ಯಾಂಡ್ ಇಂಜಿನ್‌ಗಳಲ್ಲಿ ಇದು ತುಂಬ ಸಾಮಾನ್ಯ. 0 ಬರೆಯಿರಿ. ಎಲ್ಲವೂ ಗೋಜಲಾಗಿದೆ ಅನ್ನಿಸಿದರೆ ಸಿವಿ 8ಕ್ಕೆ 8 ಬರೆದರೆ ಅನೇಕ ಡಿಕೋಡರ್‌ಗಳು ಕಾರ್ಖಾನೆಯ ಸೆಟ್ಟಿಂಗ್‌ಗೆ ಹಿಂತಿರುಗುತ್ತವೆ. ಕೆಲವಕ್ಕೆ ಬೇರೆ ಸಂಖ್ಯೆ ಇದೆ, ಅದರ ಹಾಳೆ ನೋಡಿ.

ತಾನಾಗಿಯೇ ಪೂರ್ತಿ ವೇಗದಲ್ಲಿ ಓಡಿಹೋಗುತ್ತದೆ

ನೋಡಲು ಭಯವಾಗುತ್ತದೆ, ಆದರೆ ಇದರ ಪರಿಹಾರ ಸುಲಭ. ಪವರ್ ಆನ್ ಮಾಡಿದಾಗಲೋ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ಕ್ಷಣ ಶಾರ್ಟ್ ಆದಾಗಲೋ ಡಿಕೋಡರ್‌ಗೆ ಸರಿಯಾದ ಸಂದೇಶ ಸಿಗುವುದಿಲ್ಲ. ಹಳಿಯಲ್ಲಿ ಡಿಸಿ ಇದೆ ಎಂದುಕೊಂಡು ಇಂಜಿನ್ ಓಡಿಸಿಬಿಡುತ್ತದೆ. ಟೇಬಲ್ ಅಂಚಿನಿಂದ ಬಿದ್ದು ಬಫರ್ ಮುರಿದ ಇಂಜಿನ್‌ಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಿವಿ 29ರಿಂದ 4 ಕಳೆಯಿರಿ. 6 ಇದ್ದದ್ದು 2 ಆಗಲಿ, 38 ಇದ್ದದ್ದು 34. ಡಿಸಿಸಿ ಮಾತ್ರ ಬಳಸುವವರು ಇದನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಜರ್ಕ್ ಹೊಡೆಯುತ್ತಾ ಓಡುತ್ತದೆ

ಗಾಲಿ, ಪಿಕಪ್ ಈಗಾಗಲೇ ನೋಡಿದ್ದೀರಿ. ಮೋಟಾರ್ ಬ್ರಷ್‌ಗಳ ನಡುವೆ ಬಟಾಣಿಯಷ್ಟು ಗಾತ್ರದ ಕೆಪ್ಯಾಸಿಟರ್ ಇದೆಯಾ ನೋಡಿ. ರೇಡಿಯೋಗೆ ತೊಂದರೆ ಆಗದಿರಲಿ ಎಂದು ಡಿಸಿ ಕಾಲದಲ್ಲಿ ಹಾಕುತ್ತಿದ್ದರು. ಈಗಿನ ಡಿಕೋಡರ್ ಮೋಟಾರ್‌ನ ವೇಗವನ್ನು ಬ್ಯಾಕ್ ಇಎಂಎಫ್ (ತಿರುಗುವ ಮೋಟಾರ್ ತಾನೇ ಹುಟ್ಟಿಸುವ ವೋಲ್ಟೇಜ್) ಮೂಲಕ ಅಳೆಯುತ್ತದೆ. ಕೆಪ್ಯಾಸಿಟರ್ ಆ ಅಳತೆಯನ್ನು ಕೆಡಿಸುತ್ತದೆ. ಕತ್ತರಿಸಿ ತೆಗೆಯಿರಿ. ಆಮೇಲೂ ನಿಧಾನ ವೇಗದಲ್ಲಿ ತಡವರಿಸಿದರೆ ಗೇರ್‌ನಲ್ಲಿ ಹಲ್ಲು ಬಿರುಕು ಬಿಟ್ಟಿರಬಹುದು. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಒಂದೇ ಜಾಗದಲ್ಲಿ ಟಕ್ ಎಂದರೆ ಅದು ಬಿರುಕೇ. ಹೊರಡುವ ವೋಲ್ಟೇಜ್, ವೇಗ ಏರುವ ಇಳಿಯುವ ಗತಿ ಹೇಳುವ ಸಿವಿ 2, 3, 4 ಎಷ್ಟು ತಿರುಗಿಸಿದರೂ ಹಲ್ಲು ಸರಿಯಾಗುವುದಿಲ್ಲ. ಡಿಸಿಯಲ್ಲಿ ನುಣುಪಾಗಿ ಓಡದ ಇಂಜಿನ್ ಡಿಸಿಸಿಯಲ್ಲೂ ಓಡದು. 8 ಪಿನ್ ಸಾಕೆಟ್ ಇರುವ ಇಂಜಿನ್ ಆದರೆ ಡಿಕೋಡರ್ ತೆಗೆದು, ಇಂಜಿನ್ ಜೊತೆ ಬಂದ ಡಮ್ಮಿ ಪ್ಲಗ್ ಹಾಕಿ ಡಿಸಿಯಲ್ಲಿ ಒಮ್ಮೆ ಓಡಿಸಿ ನೋಡಿ.

ಲೈಟ್ ತಂಟೆ

ಇಂಜಿನ್ ಓಡುತ್ತದೆ, ಆದರೆ ಹಿಂದುಮುಂದಾಗಿ. ಲೈಟ್ ಒಂದೂ ಇಲ್ಲ. ಇವೆರಡೂ ಒಟ್ಟಿಗೆ ಬಂದರೆ 8 ಪಿನ್ ಪ್ಲಗ್ ಉಲ್ಟಾ ಕೂತಿದೆ. ಆ ಪ್ಲಗ್‌ನಲ್ಲಿ ಹಳಿಯ ಎರಡು ಪಿನ್‌ಗಳು ಒಂದಕ್ಕೊಂದು ಎದುರು ಮೂಲೆಯಲ್ಲಿವೆ, ಮೋಟಾರ್‌ನವೂ ಹಾಗೇ. ಹಾಗಾಗಿ ತಿರುಗಿಸಿ ಹಾಕಿದರೂ ಓಡುತ್ತದೆ. ಪ್ಲಗ್ ಮೇಲಿನ ಕಿತ್ತಳೆ ವೈರ್ ಸಾಕೆಟ್‌ನ 1ನೇ ಪಿನ್ ಕಡೆ ಬರಬೇಕು.

ನೇರ ಬೆಸೆದವರು ನೀಲಿ ವೈರ್ ನೋಡಿ. ನೀಲಿ ಎಲ್ಲ ಲೈಟ್‌ಗಳಿಗೂ ಸೇರಿದ ಪಾಸಿಟಿವ್. ಬಿಳಿ ಮುಂದಿನ ಲೈಟ್, ಹಳದಿ ಹಿಂದಿನದು. ಎಲ್‌ಇಡಿಯ ಉದ್ದ ಕಾಲು ನೀಲಿಗೆ. ಪ್ರತಿ ಎಲ್‌ಇಡಿಗೂ ಬೇರೆ ರೆಸಿಸ್ಟರ್, 1 ಕಿಲೋ ಓಮ್‌ಗಿಂತ ಕಡಿಮೆ ಬೇಡ. ಬೆಳಕು ಕಣ್ಣಿಗೆ ಹೊಡೆದರೆ 4.7 ಕಿಲೋ ಓಮ್‌ವರೆಗೂ ಹೋಗಬಹುದು. ಥ್ರಾಟಲ್ ಏರಿಸುತ್ತಾ ಹೋದಾಗ ಲೈಟ್ ಒಂದು ಸ್ಟೆಪ್ ಬಿಟ್ಟು ಒಂದು ಸ್ಟೆಪ್ ಮಿನುಗಿದರೆ ವೈರ್ ಮುಟ್ಟಬೇಡಿ. ಡಿಕೋಡರ್ 14 ಸ್ಟೆಪ್‌ನಲ್ಲಿದೆ, ಸ್ಟೇಷನ್ 28 ಕಳಿಸುತ್ತಿದೆ. ಸಿವಿ 29ಕ್ಕೆ 2 ಸೇರಿಸಿ.

ಹೊಗೆ ಬಂದ ಮೇಲೆ

ವಾಸನೆ ಬಂದಿದ್ದರೆ, ಸ್ಲೀವ್ ಉಬ್ಬಿದ್ದರೆ, ಚಿಪ್ ಮೇಲೆ ಕಂದು ಚುಕ್ಕೆ ಇದ್ದರೆ ಡಿಕೋಡರ್ ಬಹುಪಾಲು ಮುಗಿಯಿತು. ಕೆಲವೊಮ್ಮೆ ಅರ್ಧ ಸಾಯುತ್ತದೆ. ಲೈಟ್ ಹತ್ತುತ್ತದೆ, ಮೋಟಾರ್ ಒಂದೇ ದಿಕ್ಕಿಗೆ ಓಡುತ್ತದೆ. 100 ಓಮ್ ಪರೀಕ್ಷೆಯಲ್ಲೂ ಸಿವಿ ಓದದಿದ್ದರೆ ಬಿಟ್ಟುಬಿಡಿ. ಆದರೆ ಸುಟ್ಟ ಡಿಕೋಡರ್ ತೆಗೆದ ದಿನವೇ ಹೊಸದು ಹಾಕಬೇಡಿ. ಬ್ರಷ್‌ನಿಂದ ಚಾಸಿಗೆ ಬೀಪ್ ಇಲ್ಲ, ಮೋಟಾರ್ ತಡೆದಾಗಿನ ಕರೆಂಟ್ ಮಿತಿಯೊಳಗಿದೆ, ಬಾಡಿ ಒಳಗೆ ವೈರ್‌ಗೆ ದಾರಿ ಇದೆ, ಲೈಟ್‌ನ ಯಾವ ಕಾಲೂ ಚಾಸಿಗೆ ತಾಗುತ್ತಿಲ್ಲ. ಈ ನಾಲ್ಕೂ ಖಚಿತ ಆದ ಮೇಲೆ ಹೊಸದಕ್ಕೆ ಆರ್ಡರ್ ಕೊಡಿ.

ಎಲ್ಲ ಇಂಜಿನ್‌ಗೂ ಒಂದೇ ಕಾಯಿಲೆ

ಆಗ ದೋಷ ಇಂಜಿನ್‌ನಲ್ಲಿಲ್ಲ, ಹಳಿಯಲ್ಲಿದೆ. ಲೇಔಟ್‌ನ ತುದಿಯಲ್ಲಿ ಎರಡು ಹಳಿಗಳ ಮೇಲೆ ಅಡ್ಡಲಾಗಿ ನಾಣ್ಯ ಇಡಿ. ಬೂಸ್ಟರ್ ತಕ್ಷಣ ಕಟ್ ಆಗಬೇಕು. ಆಗದಿದ್ದರೆ ಅಲ್ಲಿಯವರೆಗಿನ ವೈರ್ ತೆಳುವಾಗಿದೆ ಅಥವಾ ಜೋಡಣೆ ಸಡಿಲ ಇದೆ. ನಾಳೆ ಅಲ್ಲೇ ಒಂದು ಡಬ್ಬಿ ಹಳಿ ತಪ್ಪಿದರೆ ಬೂಸ್ಟರ್‌ಗೆ ಗೊತ್ತಾಗುವುದಿಲ್ಲ, ಗಾಲಿ ಸುಟ್ಟು ಪ್ಲಾಸ್ಟಿಕ್ ಕರಗುತ್ತದೆ. ಪ್ರತಿ ಹಳಿ ತುಂಡಿಗೂ ಕರೆಂಟ್ ತರುವ ಬೇರೆ ಫೀಡರ್ ವೈರ್ ಬೆಸೆಯಿರಿ. ಹಳಿ ಜೋಡಿಸುವ ಪಿನ್‌ಗಳನ್ನು ಕರೆಂಟಿಗೆ ನಂಬಬೇಡಿ.

ಹಳಿಯ ವೋಲ್ಟೇಜ್ ಅಳೆಯಲು ಸಾದಾ ಮೀಟರ್‌ನ ಎಸಿ ರೇಂಜ್ ಸಾಲದು. ಅದು 50 ಹರ್ಟ್ಸ್ ಮನೆ ಕರೆಂಟಿಗೆ ಮಾಡಿದ್ದು. ಡಿಸಿಸಿ ಅಲೆ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ನಾಲ್ಕು 1ಎನ್4148 ಡಯೋಡ್‌ಗಳಿಂದ ಬ್ರಿಡ್ಜ್ ಮಾಡಿ, ಅದರ ಔಟ್‌ಪುಟ್‌ನಲ್ಲಿ ಡಿಸಿ ರೇಂಜ್‌ನಲ್ಲಿ ಅಳೆದು ಸುಮಾರು ಒಂದು ವೋಲ್ಟ್ ಸೇರಿಸಿ. 1:87 ಅಳತೆಯ ಎಚ್‌ಒಗೆ 14ರಿಂದ 15 ವೋಲ್ಟ್, ಎನ್ ಗೇಜ್‌ಗೆ 12ರ ಆಸುಪಾಸು ಸಾಕು. ಕಮಾಂಡ್ ಸ್ಟೇಷನ್ ಹತ್ತಿರ 14 ಇದ್ದು, ಇಂಜಿನ್ ಓಡುತ್ತಿರುವಾಗ ಲೇಔಟ್‌ನ ಆ ತುದಿಯಲ್ಲಿ 11 ಬಂದರೆ ನಡುವಿನ ಪ್ರತಿ ಜೋಡಣೆಯನ್ನೂ ಒಂದೊಂದಾಗಿ ಅಳೆಯುತ್ತಾ ಹೋಗಿ. ವೋಲ್ಟೇಜ್ ಎಲ್ಲಿ ಒಮ್ಮೆಗೆ ಬೀಳುತ್ತದೋ ಅಲ್ಲಿ ಬೆಸುಗೆ ಹಾಕಬೇಕು.